ಕಟ್ಟ: ಕೂಡಿ ಕಾಯ್ದ ನೀರು

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳು ಹರಿಯುತ್ತವೆ; ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುತ್ತದೆ. ಆದರೂ ಬೇಸಗೆಯಲ್ಲಿ ಬಾವಿಗಳು ಬತ್ತುವುದೇಕೆ? ಇಳಿಜಾರಿನ ನೆಲದಲ್ಲಿ ಬಿದ್ದ ನೀರು ಬೇಗನೆ ಕಡಲನ್ನು ಸೇರುವುದೇ ಇದಕ್ಕೆ ಮುಖ್ಯ ಕಾರಣ.

ಇದನ್ನರಿತ ನಮ್ಮ ಹಿರಿಯರು ತೋಡುಗಳಿಗೆ ‘ಕಟ್ಟ’ ಹಾಕುತ್ತಿದ್ದರು. ಮಳೆಗಾಲ ಕಳೆದು ಹರಿವು ತಗ್ಗಿದಾಗ ನೆರೆಕರೆಯವರೆಲ್ಲ ಕೂಡಿ, ಕಾಡುಕಲ್ಲಿನ ಎರಡು ಗೋಡೆಗಳನ್ನೆಬ್ಬಿಸಿ, ನಡುವೆ ಮಣ್ಣು ತುಂಬಿ ತುಳಿಯುತ್ತಿದ್ದರು. ನಿಂತ ನೀರು ಮೆಲ್ಲನೆ ನೆಲಕ್ಕಿಳಿದು ಬಾವಿ, ಸುರಂಗಗಳಿಗೂ ಕಂಗಿನ ತೋಟಗಳಿಗೂ ಜೀವ ನೀಡುತ್ತಿತ್ತು. ಕಟ್ಟದ ಆಯುಸ್ಸು ಮುಂದಿನ ಮಳೆಗಾಲದವರೆಗೆ ಮಾತ್ರ. ಆದುದರಿಂದ ಊರವರು ಪ್ರತಿವರ್ಷವೂ ಮತ್ತೆ ಒಂದಾಗಲೇಬೇಕಾಗಿತ್ತು.

ಕೊಳವೆ ಬಾವಿಗಳು ಬಂದ ಮೇಲೆ ‘ನನ್ನ ನೀರು ನನಗೆ’ ಎಂಬ ಭಾವನೆ ಬೆಳೆಯಿತು. ಅನೇಕ ಕಟ್ಟಗಳು ನಿಂತುಹೋದವು. ಏತಡ್ಕದ ಕೃಷಿಕರಾದರೋ ಒಂದೇ ತೋಡಿಗೆ ಸಾಲುಸಾಲಾಗಿ ಕಟ್ಟ ಹಾಕುವ ಪದ್ಧತಿಯನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದರು. ಪತ್ರಕರ್ತ ಶ್ರೀ ಪಡ್ರೆಯವರು ತಮ್ಮ ಬರೆಹಗಳಿಂದ ಇದನ್ನು ಹೊರನಾಡಿಗೂ ಪರಿಚಯಿಸಿದರು. 2016ರಲ್ಲಿ ಆರಂಭವಾದ ಹರಿತ ಕೇರಳ ಯೋಜನೆಯು 2019ರಲ್ಲಿ ತೊರೆಗಳ ಪುನರುಜ್ಜೀವನಕ್ಕಾಗಿ ರಾಜ್ಯದಾದ್ಯಂತ ಜನರನ್ನು ಕರೆಯಿತು. ಹೊಳೆಯನ್ನುಳಿಸಲು ಮೊದಲು ಅದನ್ನು ಸೇರುವ ತೋಡನ್ನುಳಿಸಬೇಕೆಂಬ ಹಿರಿಯರ ತಿಳಿವಳಿಕೆಯೇ ಇಲ್ಲಿಯೂ ಕಾಣುತ್ತದೆ.

ಕಟ್ಟವನ್ನು ಕಟ್ಟಬಲ್ಲ ಹಿರಿಯರು ನಮ್ಮ ನಡುವಿನಿಂದ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರೊಡನೆ ಆ ವಿದ್ಯೆಯೂ ಮರೆಯಾಗಬಾರದು. ಮಳೆ ನಿಂತ ಮೇಲೆ ನಾವು ಶಿಕ್ಷಕರು ಮಕ್ಕಳೊಡನೆ ತೋಡಿನ ದಡಕ್ಕೆ ಹೋಗೋಣ. ಹಿರಿಯರಿಂದ ಕೇಳಿ, ಕಲ್ಲೊಂದನ್ನಾದರೂ ಹೊತ್ತು, ಈ ಪಾಠವನ್ನು ಕಲಿಯೋಣ.