ಎಡೆದೊರೆಯ ಗುಡಿಗಳು

ಕೃಷ್ಣೆ ತುಂಗಭದ್ರೆಯರ ನಡುವಣ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆ ಎಂಬುದೇ ಅದರ ಅರ್ಥ. ಚರಿತ್ರೆಯ ಪುಸ್ತಕಗಳಲ್ಲಿ ಈ ನಾಡಿನ ಹೆಸರು ಬರುವುದು ಹೆಚ್ಚಾಗಿ ಕಾಳಗದ ಪ್ರಸಂಗದಲ್ಲಿ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಹನನ್ನು ಸೋಲಿಸಿ ರಾಯಚೂರನ್ನು ಗೆದ್ದುದು ಎಲ್ಲರೂ ಬಲ್ಲ ಸಂಗತಿ. ಕಾಳಗಗಳ ನಡುವೆ ಇಲ್ಲಿಯ ಜನ ಬಾಳಿದ ಬಗೆ ಯಾವುದು? ಈ ಪ್ರಶ್ನೆಯನ್ನು ಹೊತ್ತು, ಒಂದು ಶ್ರಾವಣದ ದಿನ ನಾನೊಬ್ಬನೇ ಹೊರಟೆ.

ಮೊದಲು ರಾಯಚೂರು ಕೋಟೆಯ ನೀಳಗಲ್ಲನ್ನು ನೋಡಿದೆ. ನಲವತ್ತು ಅಡಿಗೂ ಮಿಕ್ಕ ಉದ್ದದ ಆ ಕಲ್ಲಿನ ಬರಹ, ಕಾಕತೀಯರ ಆಳಿಕೆಯಲ್ಲಿ 1294ರಲ್ಲಿ ಕೋಟೆ ಕಟ್ಟಿಸಿದುದನ್ನು ಹೇಳುತ್ತದೆ. ಕೋಣಗಳ ಸಾಲು ಬಂಡಿಯಲ್ಲಿ ಅದನ್ನು ಎಳೆದು ತಂದ ಚಿತ್ರವೂ ಅಲ್ಲಿಯೇ ಕೊರೆದಿದೆ. ಅರಸರ ಕಲ್ಲಿಗೆ ನೋಡುವವರು ಉಂಟು. ಹಳ್ಳಿಯ ಕಲ್ಲಿಗೆ?

ದೇವದುರ್ಗದ ಹಾದಿಯಲ್ಲಿ ಗಬ್ಬೂರು. ಒಂದು ಕಾಲಕ್ಕೆ ವಿದ್ಯೆಗೆ ನೆಲೆಯಾಗಿದ್ದ ಊರು. ಈಶ್ವರ, ವೆಂಕಟೇಶ್ವರ, ಬಂಗಾರ ಬಸಪ್ಪ ಮುಂತಾದ ಗುಡಿಗಳು ಇಲ್ಲಿವೆ. ಅವನ್ನು ನೋಡಿ ಮುಂದಿನ ಹಳ್ಳಿ ಸೇರುವಷ್ಟರಲ್ಲಿ ಮಳೆ ಜೋರಾಯಿತು. ಎರೆಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಕೀಳುವುದೇ ಕಷ್ಟವಾಯಿತು. ಪಾಳುಗುಡಿಯೊಂದರ ಮಂಟಪದಿಂದ, ಕಂಬಳಿ ಕೊಪ್ಪೆ ಹೊದ್ದ ಮುದುಕನೊಬ್ಬ ಕರೆದ: "ಒಳಗ ಬರ್ರಿ ಸರ, ತೋಯ್ಸ್ಕೋಬ್ಯಾಡ್ರಿ."

ಅಂಗಳದಲ್ಲಿ ಸೂರ್ಯಚಂದ್ರರನ್ನು ಹೊತ್ತ ಶಾಸನ ಓರೆಯಾಗಿ ನಿಂತಿತ್ತು. ಬುಡದಲ್ಲಿ ಹಳೆಯ ಗುಂಡಿ. ಮುದುಕ ಹೇಳಿದ: "ಅದರಾಗ ಹೊನ್ನಿನ ಲೆಕ್ಕ ಬರದಾರಂತ್ರಿ. ಯಾರೋ ರಾತ್ರಿ ಬಂದು ಅಗದು ಹೋಗ್ಯಾರ."

ಮಳೆ ಕಲ್ಲಿನ ಧೂಳನ್ನು ತೊಳೆದಿತ್ತು. ಶಾಸನತಜ್ಞರೂ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು ಮಸಿಯ ಅಚ್ಚು ತೆಗೆಯುವುದಲ್ಲವೆ? ಅಲ್ಲಲ್ಲಿ ಅಕ್ಷರಗಳು ಕಂಡವು. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಿಗೆ ಒಂದು ಕ್ರಮವಿದೆ: ಅರಸನ ಹೆಸರು, ತಿಥಿ, ಪಡೆದವರ ಕಾಲು ತೊಳೆದು ನೀರೆರೆದು ಕೊಟ್ಟ ಭೂಮಿಯ ಅಳತೆ, ನಂದಾದೀವಿಗೆಗೆ ಗಾಣದ ಎಣ್ಣೆ, ಕೊನೆಗೆ ಅಳಿದವರಿಗೆ ಶಾಪ. ಇದನ್ನೆಲ್ಲ ಆತನಿಗೆ ಹೇಳಿದೆ.

ಹೊನ್ನಿನ ಮಾತನ್ನು ಆತ ಮತ್ತೆ ಎತ್ತಲಿಲ್ಲ. "ಹಂಗಾರ ನಮ್ಮೂರ ಹೊಲದ ಎಲ್ಲೀನೂ ಬರದಿರಬೇಕಲ್ರಿ?" ಎಂದ.

ಬರೆದಿರಬೇಕು. ಆದರೆ ಆ ಸಾಲುಗಳಿರಬೇಕಾದ ಕೆಳಭಾಗವೇ ಹಾರೆಯ ಪೆಟ್ಟಿಗೆ ಚಕ್ಕೆಯೆದ್ದು ಹೋಗಿತ್ತು.

ಇದೇ ಜಿಲ್ಲೆಯ ಮಸ್ಕಿ ನೆನಪಾಯಿತು. 1915ರಲ್ಲಿ ಅಲ್ಲಿಯ ಬಂಡೆಯ ಬರಹವನ್ನು ಕಂಡು ಲೋಕಕ್ಕೆ ತಿಳಿಸಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯನೇ ಅಶೋಕನೆಂಬುದು ಆ ಬರಹದಿಂದ ಸ್ಥಿರಪಟ್ಟಿತು. ಚಿನ್ನದ ಕಸುಬಿನವನೇ ಕಲ್ಲನ್ನು ಒಡೆಯದೆ ಓದಲು ಬಿಟ್ಟ.

ಸಂಜೆ ಮಾನ್ವಿಗೆ ಬಂದಾಗ ಮಳೆ ಹೊಳವಾಗಿತ್ತು. ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಬ್ಯಾಗವಾಟವೂ ಈ ಸೀಮೆಯ ಹಳ್ಳಿಗಳು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ದಾಸರ ನುಡಿ ಜನರ ಬಾಯಲ್ಲಿ ನೆಲೆಸಿ ಉಳಿಯಿತು. ಕಲ್ಲಿನ ನುಡಿಗೆ ಆ ಭಾಗ್ಯವಿಲ್ಲ. ಓದಿ ಹೇಳುವವರು ಊರಿಗೆ ಹೋಗಬೇಕು. ತನ್ನ ಹೊಲದ ಎಲ್ಲೆ ಅದರಲ್ಲಿದೆ ಎಂದು ಅರಿತ ಊರು ಆ ಕಲ್ಲನ್ನು ತಾನೇ ಕಾಯುತ್ತದೆ. ನಾನು ಹೋದುದು ತಡವಾಗಿತ್ತು. ಉಳಿದ ಹಳ್ಳಿಗಳಿಗಾದರೂ ಹಾರೆಗಿಂತ ಮೊದಲು ನಾವು ತಲುಪಬೇಕು.