ಹೆಚ್ಚಿದಷ್ಟೂ ಹೆಚ್ಚು: ಕೋಸಂಬರಿ ನಡೆದು ಬಂದ ದಾರಿ

ರಾಮನವಮಿ ದಿನ ಶಿವಮೊಗ್ಗ ಪೇಟೆಗೆ ಬಂದವರಿಗೆ ಇದು ಗೊತ್ತು. ಚೈತ್ರದ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ದೇವಸ್ಥಾನದ ಮುಂದೆ, ರಸ್ತೆ ಬದಿಯ ಚಪ್ಪರದಲ್ಲಿ ಒಂದು ಕೈಗೆ ಪಾನಕದ ಲೋಟ ಬರುತ್ತದೆ, ಇನ್ನೊಂದು ಕೈಗೆ ಕೋಸಂಬರಿ. ನೀವು ಯಾರ ಪೈಕಿ, ಯಾವ ಊರು ಎಂದು ಕೊಡುವವರು ಕೇಳುವುದಿಲ್ಲ. ನಾವೂ ವರದಿಗೆ ಹೋದವರು ಮೊದಲು ಕೈಯೊಡ್ಡಿ, ಆಮೇಲೆ ಪೆನ್ನು ತೆಗೆಯುತ್ತೇವೆ.

ಈಗ ಮೊಬೈಲ್ ತೆರೆದರೆ ಸಲಾಡಿನ ವಿಡಿಯೋಗಳೇ. ಎಲ್ಲವನ್ನೂ ಸಣ್ಣಗೆ ಕೊಚ್ಚಿ, ಕಲಸಿ, ತಿಂದು ತೋರಿಸುತ್ತಾರೆ. ಅದರ ರುಚಿಯ ಗುಟ್ಟು ನಮ್ಮ ಅಜ್ಜಿಯಂದಿರಿಗೆ ಹೊಸದೇನಲ್ಲ. ಸಣ್ಣಗೆ ಹೆಚ್ಚಿದರೆ ಒಂದೇ ತುತ್ತಿನಲ್ಲಿ ಸೌತೆಯ ತಂಪು, ಬೇಳೆಯ ಕುರುಕಲು, ಕಾಯಿಯ ಸಿಹಿ, ನಿಂಬೆಯ ಹುಳಿ ಎಲ್ಲವೂ ಸಿಗುತ್ತವೆ. ಉಪ್ಪನ್ನು ಕೊನೆಗೆ ಹಾಕಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಮೆತ್ತಗಾಗುತ್ತದೆ.

ಕನ್ನಡದಲ್ಲಿ ತರಕಾರಿ ಕತ್ತರಿಸುವುದಕ್ಕೆ 'ಹೆಚ್ಚು' ಎನ್ನುತ್ತೇವೆ. ಜಾಸ್ತಿಯಾಗುವುದಕ್ಕೂ ಅದೇ ಮಾತು. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಎರಡೂ ಅರ್ಥ ತಿಳಿದಿತ್ತು. ಇಡಿಯಾಗಿ ಕೊಟ್ಟರೆ ಒಬ್ಬರಿಗೆ ಆಗುವ ಸೌತೆಕಾಯಿ, ಸಣ್ಣಗೆ ಹೆಚ್ಚಿ ಬೇಳೆ ಬೆರೆಸಿದರೆ ಹತ್ತು ಎಲೆಯ ತುದಿಗೆ ಬರುತ್ತದೆ.

ಇದರಲ್ಲಿ ಯಾವುದು ಹಳೆಯದು, ಯಾವುದು ಹೊಸದು?

ಹೆಸರುಬೇಳೆ ತುಂಬಾ ಹಳೆಯದು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹುರುಳಿಯ ಜೊತೆಗೆ ಹೆಸರನ್ನೂ ಬೆಳೆಯುತ್ತಿದ್ದರು ಎನ್ನುವುದಕ್ಕೆ ಅಲ್ಲಿ ಸಿಕ್ಕ ಸುಟ್ಟ ಕಾಳುಗಳೇ ಸಾಕ್ಷಿ. ಅದು 3,000 ವರ್ಷಕ್ಕೂ ಹಿಂದಿನ ಮಾತು. ಸೌತೆಕಾಯಿಯೂ ಭಾರತದ್ದೇ. ಅದರ ಕಾಡು ಬಳ್ಳಿ ಇಂದಿಗೂ ಹಿಮಾಲಯದ ತಪ್ಪಲಿನಲ್ಲಿದೆ.

ಆದರೆ ಒಗ್ಗರಣೆಗೆ ಬೀಳುವ ಮೆಣಸಿನಕಾಯಿ ನಮ್ಮದಲ್ಲ. ಅದು ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ತಿರ ಬಂದಿಳಿದದ್ದು 1498ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಆ ಹಡಗುಗಳ ದಾರಿಯಲ್ಲೇ ಮೆಣಸಿನಕಾಯಿಯೂ ಬಂತು. 16ನೇ ಶತಮಾನದ ಆರಂಭದಲ್ಲಿ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದಾಗ ಅದು ಇನ್ನೂ ನಮ್ಮ ಅಡುಗೆಮನೆಯ ಮಾತಾಗಿರಲಿಲ್ಲ. ಆಗ ಖಾರ ಎಂದರೆ ಕಾಳುಮೆಣಸು, ಶುಂಠಿ. ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನ ಕಾಯಿ' ಎಂದರು. ಬಂದ ನೆಂಟ ಮನೆಮಗನಾದ ಮೇಲೆ, ಮನೆಯ ಮೆಣಸನ್ನೇ ಗುರುತಿಸಲು 'ಕಾಳುಮೆಣಸು', 'ಒಳ್ಳೆ ಮೆಣಸು' ಎನ್ನಬೇಕಾಯಿತು.

ನಮ್ಮ ಜಿಲ್ಲೆಯೂ ಈ ಕೊಡು-ಕೊಳ್ಳುವಿಕೆಯಿಂದ ಹೊರಗಿರಲಿಲ್ಲ. ಕೆಳದಿ ನಾಯಕರ ಮಲೆನಾಡಿನ ಕಾಳುಮೆಣಸು ಪೋರ್ಚುಗೀಸರಿಗೆ ಬೇಕಿತ್ತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ಅಲ್ಲಿ ವೆಂಕಟಪ್ಪ ನಾಯಕನ ಆಳ್ವಿಕೆ. ಮುಂದೆ ಅದೇ ಮನೆತನದ ಬಸವಪ್ಪ ನಾಯಕ ಸಂಸ್ಕೃತದಲ್ಲಿ ಬರೆದ 'ಶಿವತತ್ತ್ವರತ್ನಾಕರ'ದಲ್ಲಿ ರಾಜ್ಯಭಾರದಷ್ಟೇ ಗೌರವದಿಂದ ಅಡುಗೆಯ ವಿಷಯವೂ ಇದೆ. ಆದರೆ ದಿನಾ ಹೆಚ್ಚಿ ಬಡಿಸಿದ ಹೆಂಗಸರ ಹೆಸರನ್ನು ಯಾವ ರಾಜನೂ ಬರೆದಿಡಲಿಲ್ಲ.

ಟೊಮೆಟೊ, ಕಿತ್ತಳೆ ಬಣ್ಣದ ಕ್ಯಾರೆಟ್ ಇನ್ನೂ ಈಚಿನವು. ಹಳಬರು ಇವನ್ನು 'ಇಂಗ್ಲಿಷ್ ತರಕಾರಿ' ಎನ್ನುತ್ತಿದ್ದರು. ಎಷ್ಟೋ ಮನೆಗಳ ತಿಥಿ ಅಡುಗೆಗೆ ಇವು ಇಂದಿಗೂ ಬರುವುದಿಲ್ಲ. ಆದರೆ ಮದುವೆ ಊಟದ ಕೋಸಂಬರಿಯಲ್ಲಿ ಕ್ಯಾರೆಟ್ ತುರಿ ಇಲ್ಲದಿದ್ದರೆ ಬಣ್ಣವೇ ಇಲ್ಲ ಎನ್ನುತ್ತೇವೆ.

ಇನ್ನು ಭದ್ರಾವತಿಗೆ ಬನ್ನಿ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಊರು ಅದು. 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದರ ಹಿಂದಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರ ಸುಟ್ಟ ಇದ್ದಿಲು. 1936ರಲ್ಲಿ ಕಾಗದ ಕಾರ್ಖಾನೆಯೂ ಹುಟ್ಟಿತು. ಕೆಲಸ ಹುಡುಕಿ ತಮಿಳರು, ತೆಲುಗರು, ಮರಾಠಿಗರು, ಮಲೆಯಾಳಿಗಳು, ಉರ್ದು ಮಾತಿನವರು ಬಂದರು. ಕ್ವಾಟ್ರಸ್ಸಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕಿದರು.

ಈ ಮನೆಗಳ ಭಾಷೆ ಬೇರೆ ಇದ್ದರೂ ಹೆಚ್ಚಿ ಕಲಸುವ ತಟ್ಟೆ ಎಲ್ಲರಲ್ಲೂ ಇತ್ತು. ನಮ್ಮ ಕೋಸಂಬರಿ ತಮಿಳರಲ್ಲಿ ಕೋಸುಮಲ್ಲಿ. ಮರಾಠಿಯಲ್ಲಿ ಕೋಶಿಂಬೀರ್, ಅದಕ್ಕೆ ಮೊಸರು, ಶೇಂಗಾ ಪುಡಿ ಬೀಳುತ್ತದೆ. ತೆಲುಗರು ರಾಮನವಮಿಗೆ ಪಾನಕದ ಜೊತೆ ನೆನೆಸಿದ ಹೆಸರುಬೇಳೆಯ ವಡಪಪ್ಪು ಹಂಚುತ್ತಾರೆ. ಮುಸ್ಲಿಮರ ಮನೆಯ ಬಿರಿಯಾನಿ ಜೊತೆಗೆ ಈರುಳ್ಳಿ, ಟೊಮೆಟೊ ಹೆಚ್ಚಿದ ಕಚಂಬರ್. ಒಂದು ಬೀದಿಯಲ್ಲಿ ನಡೆದರೆ ಅರ್ಧ ದೇಶದ ಕೋಸಂಬರಿ ಸಿಗುವಂಥ ಊರು ಅದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ಹಿಂದಿನ ಕಟ್ಟುಪಾಡಿನಲ್ಲಿ ಬೇಯಿಸಿದ ಅನ್ನಕ್ಕೆ ಮಡಿ-ಮೈಲಿಗೆ ಬಿಗಿಯಾಗಿತ್ತು. ಹಣ್ಣು, ಪಾನಕ, ನೆನೆಸಿದ ಬೇಳೆಗೆ ಆ ಬಿಗಿ ಕಡಿಮೆ. ಒಲೆ ಮುಟ್ಟದ ಕೋಸಂಬರಿ ಬೀದಿಗೆ ಬಂದು ಎಲ್ಲರ ಕೈ ಸೇರಲು ಅದೂ ಒಂದು ಕಾರಣ. ಕೋಸಂಬರಿ ಪಡೆದವರೆಲ್ಲರಿಗೂ ಒಳಗಿನ ಪಂಕ್ತಿಯಲ್ಲಿ ಎಲೆ ಸಿಗುತ್ತಿರಲಿಲ್ಲ. ಆದರೂ ಒಂದು ಹಿಡಿ ಬೇಳೆ ಬೀದಿಯವರೆಗೆ ಬಂತು. ಅಲ್ಲಿಂದ ಮುಂದಿನ ದಾರಿ ನಾವು ನಡೆಯಬೇಕಾದದ್ದು.

ಇಂದು ಭದ್ರಾವತಿಯ ಕ್ವಾಟ್ರಸ್ಸುಗಳಲ್ಲಿ ಬೀಗ ಬಿದ್ದ ಮನೆಗಳು ಕಾಣುತ್ತವೆ. ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಗೆ 100 ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ಸುದ್ದಿ ಬಂತು, ಕಾರ್ಮಿಕರು ಧರಣಿ ಕೂತರು. ಕಾರ್ಖಾನೆ ನಿಂತರೆ ಹೋಗುವುದು ಸಂಬಳವೊಂದೇ ಅಲ್ಲ. ಪಕ್ಕದ ಮನೆಗೆ ಬಟ್ಟಲು ಕಳಿಸಿ, ಆ ಬಟ್ಟಲು ಬೇರೆ ರುಚಿ ತುಂಬಿಕೊಂಡು ವಾಪಸ್ ಬರುವ ರೂಢಿಯೂ ಹೋಗುತ್ತದೆ.

ನಮ್ಮ ಊಟ ಶುದ್ಧ, ಹೊರಗಿನದು ಬೇಡ, ಹೊರಗಿನವರು ಬೇಡ ಎನ್ನುವ ಮಾತು ಈಗ ಜೋರಾಗಿ ಕೇಳಿಸುತ್ತಿದೆ. ಹಾಗೆ ಹೇಳುವವರ ಮನೆಯ ಕೋಸಂಬರಿಯಿಂದ ಮೆಣಸಿನಕಾಯಿ, ಟೊಮೆಟೊ, ಕ್ಯಾರೆಟ್, ಈಚೆಗೆ ಸೇರಿದ ಸ್ವೀಟ್‌ಕಾರ್ನ್ ಎಲ್ಲ ಆರಿಸಿ ತೆಗೆದರೆ ಉಳಿಯುವುದು ಅರ್ಧ ಬಟ್ಟಲು.

ಈ ಸಲ ಹಬ್ಬಕ್ಕೆ ಬೇಳೆ ಸ್ವಲ್ಪ ಜಾಸ್ತಿ ನೆನೆಸಿ. ಸೌತೆ ಸಣ್ಣಗೆ ಹೆಚ್ಚಿ. ಉಪ್ಪು ಹಾಕುವ ಮೊದಲು ಪಕ್ಕದ ಮನೆಯವರನ್ನು ಕರೆಯಿರಿ.