ಲಂಕಾದಿಂದ ಏನ್ ತಂದ್ರಿ?

ಪರದೇಶಕ್ಕ ಹೋಗಿ ಬಂದವರನ್ನ ನಮ್ಮ ಕಡೆ ಮಂದಿ ಮೊದಲ ಕೇಳೋದು ‘ಏನ್ ತಂದ್ರಿ?’ ಅಂತ. ‘ಏನ್ ನೋಡಿದ್ರಿ?’ ಅನ್ನೋದು ಚಹಾ ಕುಡದಾದ ಮ್ಯಾಲೆ. ಹಂಗ ಕೇಳೋದ್ರಾಗ ತಪ್ಪೇನಿಲ್ಲ ಬಿಡ್ರಿ. ಕಾಶಿಗೆ ಹೋದವರು ಗಂಗಾಜಲ ತರೋದು, ತಿರುಪತಿಗೆ ಹೋದವರು ಲಾಡು ತರೋದು ನಮ್ಮಲ್ಲಿ ಪದ್ಧತಿನ ಅದ. ನೋಡಿದ್ದು ನೋಡಿದವರ ಕಣ್ಣಾಗ ಉಳೀತದ, ತಂದದ್ದು ನಾಕು ಮನಿಗೆ ಮುಟ್ಟತದ.

ಆದ್ರ ಈಗ ಯಾವ ದೇಶಕ್ಕ ಹೋದ್ರೂ ಅಂಗಡ್ಯಾಗ ಕಾಣೋದು ಅದ ಫ್ರಿಜ್ಜಿಗೆ ಅಂಟಸೋ ಮ್ಯಾಗ್ನೆಟ್ಟು, ಅದ ಕೀ ಚೈನು. ಮ್ಯಾಲೆ ಬರದ ಊರಿನ ಹೆಸರಷ್ಟ ಬ್ಯಾರೆ. ಅದನ್ನ ಎಲ್ಲಿ ಮಾಡ್ಯಾರೋ ಆ ದೇವರಿಗೇ ಗೊತ್ತು.

ಹೋದ ವರ್ಷ ನಾವಿಬ್ಬರು, ನಮ್ಮ ನಾದಿನಿ ಮತ್ತ ಆಕಿ ಯಜಮಾನರು, ಹಿಂಗ ನಾಕು ಮಂದಿ ಕೂಡಿ ಎಂಟು ದಿನ ಶ್ರೀಲಂಕಾಕ್ಕ ಹೋಗಿದ್ವಿ. ಹೋಗೋ ಮೊದಲ ನಾನು ಒಂದು ಯಾದಿ ಮಾಡಿದ್ದೆ. ಕೊಡಬೇಕಾದ ಮನಿ ಹದಿನಾಕು. ಕೈಯಾಗಿನ ರೊಕ್ಕ ಅಷ್ಟಕ್ಕಷ್ಟ. ‘ಏನರ ತರ್ರಿ, ಆದ್ರ ಅಲ್ಲೀದ ಇರಬೇಕು’ ಅಂತ ನಮ್ಮ ಅತ್ತಿಯವರು ಹೇಳಿ ಕಳಿಸಿದ್ರು. ಈ ‘ಅಲ್ಲೀದು’ ಅನ್ನೋ ಮಾತು ಕೇಳಲಿಕ್ಕೆ ಸಣ್ಣದು. ಒಂದೊಂದು ಸಾಮಾನಿನ ಇತಿಹಾಸ ಕೇಳಕೋತ ಹೋದಂಗ ಅದು ಎಷ್ಟು ದೊಡ್ಡದು ಅಂತ ಗೊತ್ತಾತು.

ನಾ ಇದಕ್ಕ ಇಷ್ಟು ತಲಿ ಕೆಡಿಸಿಕೊಳ್ಳಲಿಕ್ಕೆ ಕಾರಣ ಅದ. ನಾನು ಕಸೂತಿ ಹಾಕಾಕಿ. ಗವಂತಿ, ಮುರಗಿ, ನೇಯಿಗಿ, ಮೆಂತೆ ಅಂತ ನಾಕು ಹೊಲಿಗಿ ಅವ. ಗವಂತಿ, ಮುರಗಿ ಹಾಕಬೇಕಾದ್ರ ಬಟ್ಟಿ ಎಳಿ ಎಣಿಸಿ ಹಾಕಬೇಕು, ದಾರಕ್ಕ ಗಂಟು ಹಾಕಂಗಿಲ್ಲ, ಮುಂದ ಹಿಂದ ಒಂದ ಥರ ಕಾಣಬೇಕು. ಇಳಕಲ್ಲ ಸೀರಿ ತುಂಬ ಗೋಪುರ, ತೇರು, ಆನಿ, ತುಳಸಿಕಟ್ಟಿ ತುಂಬಸಲಿಕ್ಕೆ ತಿಂಗಳುಗಟ್ಟಲೆ ಹಿಡೀತದ. ಮಷಿನ್ನಿನ ಕಸೂತಿ ಸೀರಿ ಕೈಯಾಗ ಹಿಡಕೊಂಡು ‘ಇದೂ ಹಂಗ ಕಾಣಸ್ತದಲ್ರಿ, ಅರ್ಧಾ ರೇಟಿಗೆ ಬಂತು’ ಅಂತ ಯಾರರ ನನ್ನ ಮುಂದ ಅಂದ್ರ ಹೊಟ್ಟಿ ಚುರ್ ಅಂತದ. ಬ್ಯಾರೆ ದೇಶದಾಗ ಮತ್ತೊಬ್ಬರ ಕೈಕೆಲಸದ ಮುಂದ ನಿಂತಾಗ ಆ ಮಾತು ನನ್ನ ಬಾಯಿಂದ ಬರಬಾರದು ಅನ್ನೋದಷ್ಟ ನನ್ನ ಆಶಾ.

ಮೊದಲ ದಾಲ್ಚಿನ್ನಿ ವಿಚಾರಕ್ಕ ಬರೂಣು. ಹೆಂಗಸರು ಲಂಕಾಕ್ಕ ಹೋದ್ರ ತರಬೇಕಾದ ಮೊದಲನೇ ಸಾಮಾನು ಇದ.

‘ದಾಲ್ಚಿನ್ನಿ’ ಅನ್ನೋ ಶಬ್ದ ಪಾರ್ಸಿಯ ‘ದಾರ್‌ಚೀನಿ’ಯಿಂದ ಬಂದದ್ದು, ಚೀನಾದ ಕಟಗಿ ಅಂತ ಅದರ ಅರ್ಥ. ಹೆಸರಿನಾಗ ಚೀನಾ ಇದ್ರೂ ಖರೇ ದಾಲ್ಚಿನ್ನಿಯ ತವರುಮನಿ ಸಿಂಹಳ. ಇವತ್ತಿಗೂ ಜಗತ್ತಿನ ಖರೇ ದಾಲ್ಚಿನ್ನಿ ಬಹುಪಾಲು ಬರೋದು ಅಲ್ಲಿಂದನ. ನಮ್ಮ ಕಿರಾಣಿ ಅಂಗಡ್ಯಾಗ ಅದ ಹೆಸರಿನ ಮ್ಯಾಲೆ ಸಿಗೋದು ಹೆಚ್ಚಾಗಿ ಕ್ಯಾಸಿಯಾ ಅನ್ನೋ ಬ್ಯಾರೆ ಗಿಡದ ತೊಗಟಿ.

ಈ ತೊಗಟಿ ಸಲುವಾಗಿ ಮೂರು ಪರದೇಶದವರು ಆ ದ್ವೀಪದ ಮ್ಯಾಲೆ ಬಿದ್ರು. 1505ರ ಸುಮಾರಿಗೆ ಪೋರ್ಚುಗೀಸರು ಬಂದ್ರು, 1518ರಾಗ ಕೊಲಂಬೊದಾಗ ಕೋಟಿ ಕಟ್ಟಿದ್ರು. 1656ರಾಗ ಡಚ್ಚರು ಕೊಲಂಬೊ ಕಸಗೊಂಡ್ರು, 1658ರ ಹೊತ್ತಿಗೆ ಪೋರ್ಚುಗೀಸರನ್ನ ಪೂರಾ ಹೊರಗ ಹಾಕಿದ್ರು. 1796ರಾಗ ಇಂಗ್ಲಿಷರು ಬಂದು ಕೂತರು. ತೊಗಟಿ ಸುಲಿಯೋ ಕೆಲಸ ಸಲಾಗಮ ಅನ್ನೋ ಸಮಾಜದವರದು. ಅಡವಿಗೆ ಹೋಗಿ, ಗಿಡ ಕಡದು, ಇಷ್ಟು ತೂಕ ಅಂದ್ರ ಇಷ್ಟು ತೂಕ ತಂದು ಕಂಪನಿಗೆ ಒಪ್ಪಿಸಬೇಕು. ಕದ್ದು ಮಾರಿದವರಿಗೆ, ಗಿಡ ಹಾಳು ಮಾಡಿದವರಿಗೆ ಡಚ್ಚರ ಕಾಲದಾಗ ಮರಣದಂಡನೆತನಕ ಶಿಕ್ಷಾ ಇತ್ತು. 18ನೇ ಶತಮಾನದ ಕಡೀ ಭಾಗದಾಗ ಡಚ್ಚರು ಕೊಲಂಬೊದ ಬಾಜೂಕ ತೋಟ ಹಾಕಿ ಬೆಳಸಲಿಕ್ಕೆ ಶುರು ಮಾಡಿದ್ರು. ಅಲ್ಲಿ ಈಗ ‘ಸಿನಮನ್ ಗಾರ್ಡನ್ಸ್’ ಅಂತ ಶ್ರೀಮಂತರ ಬಡಾವಣಿ ಅದ. ಸಿಂಹಳಿ ಭಾಷಾದಾಗ ‘ಕುರುಂದುವತ್ತ’ ಅಂತಾರ, ಅಂದ್ರ ದಾಲ್ಚಿನ್ನಿ ತೋಟ. ಗಿಡ ಹೋಗ್ಯಾವ, ಹೆಸರು ಉಳದದ.

ದಕ್ಷಿಣದ ಕಡೆ ಬಾಲಪಿಟಿಯದ ಹತ್ರ ಮಾದು ಗಂಗಾ ಅಂತ ಹೊಳಿ ಅದ. ಅಲ್ಲಿ ದೋಣ್ಯಾಗ ಕರಕೊಂಡು ಹೋಗಿ ತೊಗಟಿ ಸುಲಿಯೋದನ್ನ ತೋರಸ್ತಾರ. ಒಬ್ಬ ಅಜ್ಜಾರು ಕೂತು ಟೊಂಗಿಯ ಮ್ಯಾಲಿನ ಒರಟು ತೊಗಟಿ ಕೆರದು ತಗದ್ರು. ಆಮ್ಯಾಲೆ ಹಿತ್ತಾಳಿ ಕಡ್ಡಿಲೆ ಗಸಗಸ ತಿಕ್ಕಿದ್ರು, ಒಳಗಿನ ತೊಗಟಿ ಸಡಲಾತು. ಚಾಕುಲೆ ಉದ್ದಕ ಸೀಳಿ, ಕಾಗದದಂಥಾ ತೊಗಟಿ ಹರೀದಂಗ ಎಬ್ಬಿಸಿ ತಗದ್ರು. ಒಂದರೊಳಗ ಒಂದು ಇಟ್ಟು, ಸಣ್ಣ ಚೂರು ನಡುವ ತುಂಬಿ, ಉದ್ದನ ಕೊಳವಿ ಮಾಡಿ ನೆರಳಾಗ ಒಣಗಸ್ತಾರ. ನಾವು ಹೋಳಿಗಿ ಹರೀದಂಗ ತವಾದಿಂದ ಎಬ್ಬಿಸ್ತೇವಲ್ಲ, ಆ ನಾಜೂಕು ಅದರಾಗ ಅದ.

ಗುರುತು ಹಿಡಿಯೋದು ಸರಳ ಅದ. ಖರೇದು ಹುರಿ ಸುತ್ತಿದ ಸುರಳಿ ಹಂಗ, ಒಳಗ ಪದರು ಪದರು ತುಂಬಿರತದ, ಬಣ್ಣ ತಿಳಿ ಕಂದು, ಬೆರಳಾಗ ಹಿಡದು ಒತ್ತಿದ್ರ ಮುರೀತದ. ಕ್ಯಾಸಿಯಾ ಒಂದ ದಪ್ಪ ತೊಗಟಿ, ಎರಡೂ ಕಡೆಯಿಂದ ಒಳಗ ಮುದುಡಿರತದ, ಮುರೀಲಿಕ್ಕೆ ಒಳಕಲ್ಲ ಬೇಕು. ಎಲ್ಲಾಕಿಂತ ತೆಳ್ಳಗಿನ ದರ್ಜಿಗೆ ‘ಆಲ್ಬಾ’ ಅಂತಾರ, ರೊಕ್ಕನೂ ಭಾಳ. ಕ್ಯಾಸಿಯಾದಾಗ ಕೂಮರಿನ್ ಅನ್ನೋ ಅಂಶ ಜಾಸ್ತಿ, ದಿನಾ ಭಾಳ ತಿಂದ್ರ ಲಿವರಿಗೆ ಛಲೋ ಅಲ್ಲ. ಖರೇದರಾಗ ಅದು ಇದ್ದೂ ಇಲ್ಲದಂಗ. ‘ಸಿಲೋನ್ ಸಿನಮನ್’ ಅನ್ನೋ ಹೆಸರಿಗೆ 2022ರಾಗ ಯುರೋಪಿನವರು ನಮ್ಮ ಜಿಐ ಟ್ಯಾಗಿನಂಥಾ ರಕ್ಷಣಾ ಕೊಟ್ಟಾರ.

ಎರಡನೇದು ಚಹಾ. ಇಲ್ಲೆ ನಮ್ಮ ನಾದಿನಿ ಅಡ್ಡ ಪ್ರಶ್ನಿ ಹಾಕಿದ್ಲು. “ವೈನಿ, ಚಹಾ ಅಲ್ಲೀದು ಹೆಂಗಾತು? ಇಂಗ್ಲಿಷರು ತಂದು ಹಚ್ಚಿದ್ದಲ್ಲ?”

ಆಕಿ ಹೇಳಿದ್ದು ಖರೇನ ಅದ. ಮೊದಲ ಆ ಗುಡ್ಡದಾಗ ಕಾಫಿ ಇತ್ತು. ಜೇಮ್ಸ್ ಟೇಲರ್ ಅನ್ನೋ ಸ್ಕಾಟ್ಲೆಂಡಿನ ಹುಡುಗ 1852ರಾಗ ಅಲ್ಲಿಗೆ ಬಂದ. 1867ರಾಗ ಕ್ಯಾಂಡಿ ಹತ್ರ ಲೂಲೆಕಂದೆರಾ ತೋಟದಾಗ 19 ಎಕರೆ ಚಹಾ ಹಚ್ಚಿದ. ಎರಡ ವರ್ಷಕ್ಕ, 1869ರಾಗ, ಕಾಫಿ ಎಲಿಗೆ ತುಕ್ಕು ರೋಗ ಬಂತು. ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟಕ್ಕೂ ಅದ ರೋಗ ಕಾಡಿತು, ಆದ್ರ ಇಲ್ಲೆ ಕಾಫಿ ಉಳಕೊಂತು. ಅಲ್ಲಿ ಮುಂದಿನ ಇಪ್ಪತ್ತು ವರ್ಷದಾಗ ಕಾಫಿ ಮುಗದ ಹೋತು, ಗುಡ್ಡದ ತುಂಬ ಚಹಾ ಬಂತು.

ನಾ ಆಕಿಗೆ ಕೇಳಿದೆ, “ಮೆಣಸಿನಕಾಯಿ ಅಮೆರಿಕಾದಿಂದ ಪೋರ್ಚುಗೀಸರು ತಂದದ್ದು. ಹಂಗಂತ ಬ್ಯಾಡಗಿ ಮೆಣಸಿನಕಾಯಿ ನಮ್ಮದಲ್ಲ ಅಂತೀ ಏನವಾ?” ಆಕಿ ನಕ್ಕು ಸುಮ್ಮನಾದ್ಲು. ಎಲ್ಲಿಂದ ಬಂತು ಅನ್ನೋದೊಂದ ನೋಡಿದ್ರ ನಮ್ಮ ಅಡಿಗಿಮನಿ ಅರ್ಧಾ ಖಾಲಿ ಆಗತದ. ಯಾವ ಮಣ್ಣಿನಾಗ ಬೇರು ಬಿಡ್ತು, ಯಾರ ಕೈಯಾಗ ಹದಾ ಆತು, ಅದನ್ನೂ ನೋಡಬೇಕು.

ಚಹಾದ ಮಟ್ಟಿಗೆ ಆ ಕೈ ಯಾರವು? ದಕ್ಷಿಣ ಭಾರತದಿಂದ ಕೂಲಿಗೆ ಹೋದ ತಮಿಳರವು. ಎಲಿ ಚಿವುಟೋ ಕೆಲಸ ಹೆಚ್ಚಾಗಿ ಹೆಣ್ಮಕ್ಕಳದ. ದೇಶ ಸ್ವತಂತ್ರ ಆದ 1948ರಾಗನ ಬಂದ ಕಾಯದೆಯಿಂದ ಈ ಮಂದ್ಯಾಗ ಬಹುತೇಕರಿಗೆ ಪೌರತ್ವ ಸಿಗದಂಗ ಆತು. 1964ರಾಗ ಸಿರಿಮಾವೊ ಬಂಡಾರನಾಯಕೆ ಮತ್ತ ನಮ್ಮ ಲಾಲ್ ಬಹಾದೂರ್ ಶಾಸ್ತ್ರಿಯವರ ನಡುವ ಒಪ್ಪಂದ ಆಗಿ, ಲಕ್ಷಗಟ್ಟಲೆ ಮಂದಿ ಭಾರತಕ್ಕ ಬರಬೇಕಾತು. ಅವರಾಗ ಕೆಲವರಿಗೆ ನಮ್ಮ ಸುಳ್ಯ, ಪುತ್ತೂರಿನ ಕಡೆ ಸರ್ಕಾರದ ರಬ್ಬರ್ ತೋಟದಾಗ ಕೆಲಸ ಕೊಟ್ರು. ಹಿಂಗಾಗಿ ಸಿಲೋನ್ ಚಹಾದ ಕಥಿ ನಮ್ಮ ರಾಜ್ಯದ ಒಳಗೂ ಒಂದು ತುಂಡು ಅದ. ನುವಾರಾ ಎಲಿಯಾದ ಇಳಕಲಿನ್ಯಾಗ ಬೆನ್ನಿಗೆ ಚೀಲಾ ಕಟಗೊಂಡ ಹೆಣ್ಮಕ್ಕಳನ್ನ ನೋಡಿದಾಗ ನನಗ ಇದ ನೆನಪಾಗತಿತ್ತು.

ಚಹಾ ತಗೊಳ್ಳೋವಾಗ ಪ್ಯಾಕೆಟ್ಟಿನ ಮ್ಯಾಲೆ ಕತ್ತಿ ಹಿಡದ ಸಿಂಹದ ಮುದ್ರಿ ಅದ ಏನು ನೋಡ್ರಿ. ಅದು ಅಲ್ಲಿಯ ಟೀ ಬೋರ್ಡಿನದು. ಪೂರಾ ಅಲ್ಲೀದ ಎಲಿ ಇದ್ದು, ಅಲ್ಲೇ ಪ್ಯಾಕ್ ಆಗಿದ್ರಷ್ಟ ಆ ಮುದ್ರಿ ಹಾಕಲಿಕ್ಕೆ ಬರತದ. ಚಂದನ ಕಟಗಿ ಡಬ್ಬಿಗೆ ಮರುಳಾಗಬ್ಯಾಡ್ರಿ. ಡಬ್ಬಿಗೇ ಅರ್ಧಾ ರೊಕ್ಕ ಹೋಗತದ.

ಮೂರನೇದು ಮುಖವಾಡ. ಸಮುದ್ರದ ದಂಡಿಗೆ ಅಂಬಲಂಗೊಡ ಅಂತ ಊರದ. ಕದುರು ಅನ್ನೋ ಹಗುರ ಕಟಗಿಯೊಳಗ ಮುಖವಾಡ ಕೆತ್ತತಾರ. ಕಣ್ಣು ಹೊರಗ, ಕೋರಿಹಲ್ಲು, ತಲಿ ಮ್ಯಾಲೆ ನಾಗರಹಾವು. ನಾದಿನಿ “ವೈನಿ, ಇದನ್ನ ಮನ್ಯಾಗ ಹಾಕಿದ್ರ ಹುಡುಗೂರು ಹೆದರ್ತಾವ” ಅಂದ್ಲು. ಆದ್ರ ಮುಖವಾಡ ಹುಟ್ಟಿದ್ದು ಹೆದರಸಲಿಕ್ಕಲ್ಲ, ಜಡ್ಡು ಬಿಡಸಲಿಕ್ಕೆ. ಅಲ್ಲಿ ‘ಸನ್ನಿ ಯಕುಮ’ ಅಂತ ಹಳೇ ಆಚರಣಿ ಅದ. ಹದಿನೆಂಟು ರೋಗಕ್ಕ ಹದಿನೆಂಟು ಭೂತ, ಒಂದೊಂದಕ್ಕೂ ಬ್ಯಾರೆ ಮುಖವಾಡ. ರಾತ್ರಿ ಜಡ್ಡಾದವರ ಮುಂದ ಅವನ್ನ ಕುಣಿಸಿ, ಮಾತಾಡಿಸಿ, ನಗಿಸಿ, ಕಳಿಸಿಬಿಡ್ತಾರ. ‘ಸನ್ನಿ’ ಅನ್ನೋ ಶಬ್ದ ನಮಗ ಹೊಸಾದೇನಲ್ಲ. ‘ಸನ್ನಿ ಹಿಡದದ ಏನು?’ ಅಂತ ನಾವೂ ಬೈತೇವಲ್ಲ! ಎರಡೂ ಆಯುರ್ವೇದದ ‘ಸನ್ನಿಪಾತ’ದಿಂದನ ಬಂದದ್ದು. ಇದನ್ನ ಕೇಳಿದ ಮ್ಯಾಲೆ ನಾದಿನಿಗೆ ಹೆದರಿಕಿ ಹೋಗಿ ಕುತೂಹಲ ಹುಟ್ಟಿತು.

ಮುಖವಾಡ ತಗೊಳ್ಳಬೇಕಾದ್ರ ಹಿಂಭಾಗ ನೋಡಬೇಕು. ಕೈಲೆ ಕೆತ್ತಿದ್ದಕ್ಕ ಉಳಿ ಗುರುತು ಇರತಾವ, ಎತ್ತಿದ್ರ ಹಗುರ ಇರತದ, ಬಾಜೂದ ಮುಖವಾಡಕ್ಕೂ ಇದಕ್ಕೂ ಹುಬ್ಬಿನಾಗ ಒಂದೀಟು ಫರಕ್ ಇರತದ. ಅಚ್ಚಿನಾಗ ಎರದದ್ದು ಎಲ್ಲಾ ಒಂದ ನಮೂನಿ, ಹಿಂದ ನುಣ್ಣಗ.

ಹಿಂಗ ಹಿಂದ ತಿರುಗಿಸಿ ನೋಡೋ ಚಟ ನನಗ ಕಸೂತಿಯಿಂದ ಬಂದದ್ದು. ಬಾಟಿಕ್ ತಗೊಳ್ಳೋವಾಗಂತೂ ಅದು ಭಾಳ ಉಪಯೋಗಕ್ಕ ಬಂತು. ಬಾಟಿಕ್ ಜಾವಾದ ಕಲಾ, ಡಚ್ಚರ ಕಾಲದಾಗ ಲಂಕಾಕ್ಕ ಬಂತು ಅಂತಾರ. ಅದಕ್ಕ ಲಂಕಾದ ಮುಖ ಬಂದದ್ದು 1960ರ ದಶಕದಿಂದ, ಎನಾ ಡಿ ಸಿಲ್ವಾ ಅನ್ನೋ ಹೆಣ್ಮಗಳ ಕೈಯಾಗ. ವಾಸ್ತುಶಿಲ್ಪಿ ಜೆಫ್ರಿ ಬಾವಾ ಬೆಂಟೋಟಾದಾಗ ಕಟ್ಟಿದ ಹೋಟೆಲಿನ ಮಾಳಿಗಿಗೆ ಆಕಿದ ಬಾಟಿಕ್ ಹಾಕಿದ್ರು. ಮುಂದ ಆಕಿ ಮಾತಲೆ ಹತ್ರ ತಮ್ಮ ಹಿರೇರ ಊರು ಅಲುವಿಹಾರದಾಗ ನೆಲಿ ನಿಂತು, ಹಳ್ಳಿ ಹೆಣ್ಮಕ್ಕಳಿಗೆ ಕೆಲಸ ಕಲಿಸಿ, ಅವರು ನಾಕು ಕಾಸು ಗಳಿಸೋಹಂಗ ಮಾಡಿದ್ಲು. 2015ರಾಗ ತೀರಿಕೊಂಡ್ಲು.

ಬಾಟಿಕ್‌ನಾಗ ಬಿಸಿ ಮೇಣದಿಂದ ಚಿತ್ರ ಬರೀತಾರ. ಬಟ್ಟಿ ಬಣ್ಣದಾಗ ಅದ್ದಿದಾಗ ಮೇಣ ಇದ್ದಲ್ಲಿ ಬಣ್ಣ ಹಿಡಿಯಂಗಿಲ್ಲ. ಒಂದೊಂದು ಬಣ್ಣಕ್ಕ ಮತ್ತ ಮೇಣ, ಮತ್ತ ಅದ್ದೋದು. ಕಡೀಕ ಕುದಿಯೋ ನೀರಾಗ ಹಾಕಿ ಮೇಣ ತಗೀತಾರ. ಹಿಂಗಾಗಿ ಬಣ್ಣ ಬಟ್ಟಿ ಆರಪಾರ ಇಳದಿರತದ, ಎರಡೂ ಮಗ್ಗಲ ಒಂದ ಥರ. ಮೇಣ ಬಿರಿದಲ್ಲಿ ಕೂದಲೆಳಿಯಂಥಾ ಗೀರು ಇರತಾವ. ಛಾಪಿಸಿದ್ದು ಹಿಂದ ಮಬ್ಬು. ಒಂದು ಅಂಗಡ್ಯಾಗ ನಾನು ಬಟ್ಟಿ ಹಿಂದ ಮುಂದ ಮಾಡಿ ನೋಡೋದು ಕಂಡು, ಅಲ್ಲಿದ್ದ ಹೆಣ್ಮಗಳು ಎದುರಿಗಿದ್ದ ಬಟ್ಟಿ ಮಡಚಿ ಇಟ್ಟು, ಒಳಗಿಂದ ಬ್ಯಾರೆ ಗಂಟು ಬಿಚ್ಚಿದ್ಲು. ಮಾತು ಬರಲಿಲ್ಲ, ಆದ್ರ ಇಬ್ಬರಿಗೂ ತಿಳೀತು. ನನ್ನ ಸೆರಗಿನ ಕಸೂತಿ ತಾನೂ ತಿರುಗಿಸಿ ನೋಡಿ ತಲಿ ಹಾಕಿದ್ಲು.

ತರಬಾರದ್ದೂ ಹೇಳಿಬಿಡ್ತೇನಿ. ಆಮಿ ಚಿಪ್ಪಿನ ಸಾಮಾನು, ಹವಳದ ತುಂಡು ಯಾರು ಎಷ್ಟ ಅಗ್ಗಕ್ಕ ಕೊಟ್ರೂ ಬ್ಯಾಡ, ಕಾಯದೆ ಪ್ರಕಾರ ಅಪರಾಧ. ಪುರಾತನ ಮೂರ್ತಿ, ಹಳೇ ತಾಳೆಗರಿ ಗ್ರಂಥ ಪರವಾನಗಿ ಇಲ್ಲದ ದೇಶದ ಹೊರಗ ಒಯ್ಯಂಗಿಲ್ಲ. ಕೆಲವೊಂದು ‘ಅಲ್ಲೀದು’ ಅಲ್ಲೇ ಇರಬೇಕು.

ಕಡೀಕ ನಾ ತಂದದ್ದು ಇಷ್ಟ: ಹದಿನಾಕು ಮನಿಗೆ ಹದಿನಾಕು ಸಣ್ಣ ಕಟ್ಟು ದಾಲ್ಚಿನ್ನಿ, ಸಿಂಹದ ಮುದ್ರಿ ಇದ್ದ ನಾಕು ಪ್ಯಾಕೆಟ್ ಚಹಾ, ಅತ್ತಿಯವರಿಗೆ ಒಂದು ಬಾಟಿಕ್ ಶಾಲು. ಮುಖವಾಡ ನಾದಿನಿ ತಗೊಂಡ್ಲು, ನವಿಲಿಂದು. ಮನ್ಯಾಗ ಶಾಂತಿ ಇರಲಿ ಅಂತ ಹಾಕ್ತಾರಂತ ಅದನ್ನ. ದಾಲ್ಚಿನ್ನಿ ಕಟ್ಟಿಗೆ ಒಂದೊಂದು ಚೀಟಿ ಹಚ್ಚಿ ಅದರ ಕಥಿ ನಾಕು ಸಾಲಿನಾಗ ಬರದು ಕೊಟ್ಟೆ. ಕಥಿ ಗೊತ್ತಿಲ್ಲದ ಕೊಟ್ರ ಅದು ಮತ್ತೊಂದು ಮಸಾಲಿ ಸಾಮಾನು ಆಗಿ ಡಬ್ಬಿ ಸೇರತದ.

ಬಾಜೂಮನಿ ಕಾಕೂ ಮರುದಿನ ಬಂದು, “ಮಸಾಲಿ ಅನ್ನಕ್ಕ ಹಾಕಿದ್ದೆ, ನಮ್ಮ ಅಂಗಡೀದರಷ್ಟು ಖಾರ ಘಾಟು ಇಲ್ಲಲ್ಲವಾ” ಅಂದ್ರು. ಕಾಕೂ, ಅದ ಅದರ ಗುಣ ಅಂದೆ. ಸಿಹಿ ವಾಸನಿ, ನಾಜೂಕು ರುಚಿ. ಮಸಾಲಿಯೊಳಗ ಲವಂಗ ಯಾಲಕ್ಕಿ ಜೋಡಿ ಹಾಕಿದ್ರ ಮುಚ್ಚಿ ಹೋಗತದ. ಹಾಲಿಗೆ, ಪಾಯಸಕ್ಕ, ಇಲ್ಲಾ ಹಾಲಿಲ್ಲದ ಚಹಾಕ್ಕ ಒಂದು ಸಣ್ಣ ಚೂರು ಹಾಕಿ ನೋಡ್ರಿ. ಆಗ ತಿಳೀತದ, ಈ ತೊಗಟಿ ಸಲುವಾಗಿ ಅಷ್ಟು ದೂರದಿಂದ ಹಡಗು ಯಾಕ ಬಂದ್ವು ಅಂತ.